ಅರವತ್ತು ಕಾರ್ಡುಗಳ ಕಟ್ಟು: ಆಕ್ರಮಣವೋ, ರಕ್ಷಣೆಯೋ?

ಗರಿಯಾಹಾಟ್ ಮೇಲ್ಸೇತುವೆಯ ಕೆಳಗೆ ಸಂಜೆ ಹಾದುಹೋಗುವ ನಮ್ಮ ಕನ್ನಡ ಬಂಧುಗಳಿಗೆ ಅಲ್ಲಿನ ಚದುರಂಗದ ಆಟಗಾರರು ಅಪರಿಚಿತರೇನಲ್ಲ. ತಲೆಯ ಮೇಲೆ ವಾಹನಗಳ ಸದ್ದು, ಅಕ್ಕಪಕ್ಕದಲ್ಲಿ ಸೀರೆ ಅಂಗಡಿಗಳವರ ಕೂಗು. ಇವುಗಳ ನಡುವೆ ನಿವೃತ್ತ ಗುಮಾಸ್ತರೂ ಕಾಲೇಜು ಹುಡುಗರೂ ಎದುರುಬದುರು ಕುಳಿತು ಮೌನವಾಗಿ ಕಾಯಿ ನಡೆಸುತ್ತಿರುತ್ತಾರೆ. ಲೇಕ್ ಮಾರ್ಕೆಟ್ಟಿನಿಂದ ಕಾಫಿಪುಡಿ ತರಲು ಹೊರಟಾಗಲೆಲ್ಲ ನಾನು ಸ್ವಲ್ಪ ಸುತ್ತು ಹಾಕಿಯಾದರೂ ಅಲ್ಲಿ ಹತ್ತು ನಿಮಿಷ ನಿಲ್ಲುವುದುಂಟು. ಕೆಲವು ತಿಂಗಳ ಹಿಂದೆ ಹಾಗೆ ನಿಂತಿದ್ದಾಗ ಜೊತೆಯಲ್ಲಿದ್ದ ಹನ್ನೊಂದು ವರ್ಷದ ಮೊಮ್ಮಗ ಒಂದು ಮಾತು ಹೇಳಿದ.

"ತಾತ, ಇಲ್ಲಿ ಇಬ್ಬರಿಗೂ ಒಂದೇ ಸೈನ್ಯ. ನಮ್ಮ ಆಟದಲ್ಲಿ ಸೈನ್ಯವನ್ನು ನಾವೇ ಕಟ್ಟಬೇಕು. ಅದಕ್ಕೇ ನಾನು ಸೋಲೋದು."

ಅವನು ಹೇಳಿದ್ದು ಪೋಕೆಮಾನ್ ಕಾರ್ಡಿನ ಆಟದ ಬಗ್ಗೆ. ನಮ್ಮ ಸಂಘದ ಅನೇಕ ಮನೆಗಳಲ್ಲಿ ಇಂದು ಈ ಕಾರ್ಡುಗಳಿವೆ. ಮಕ್ಕಳು ಅವನ್ನು ಪ್ಲಾಸ್ಟಿಕ್ ಹಾಳೆಗಳ ಪುಸ್ತಕದಲ್ಲಿ ಜೋಡಿಸಿಡುತ್ತಾರೆ, ಶಾಲೆಗೆ ಕದ್ದು ಒಯ್ಯುತ್ತಾರೆ, ಒಬ್ಬರಿಗೊಬ್ಬರು ವಿನಿಮಯ ಮಾಡಿಕೊಳ್ಳುತ್ತಾರೆ. ಹಿರಿಯರಾದ ನಾವು ಹಣ ಕೊಡುವುದಕ್ಕೂ ಗದರುವುದಕ್ಕೂ ಮಾತ್ರ ಅದರ ಸಮೀಪ ಹೋಗುತ್ತೇವೆ. ನಾನು ಹಣ ಕೊಡುವ ಪಕ್ಷದವನು, ನನ್ನ ಮಗ ಗದರುವ ಪಕ್ಷದವನು. ಹಬ್ಬಕ್ಕೆಂದು, ಹುಟ್ಟುಹಬ್ಬಕ್ಕೆಂದು ನಾನು ಕೊಟ್ಟ ಹಣವೆಲ್ಲ ಈ ಪೊಟ್ಟಣಗಳಿಗೆ ಹೋಗಿತ್ತು. ಆದರೂ ಶನಿವಾರಗಳಂದು ಗೆಳೆಯರೊಡನೆ ಆಡುವಾಗ ಹುಡುಗ ಸತತವಾಗಿ ಸೋಲುತ್ತಿದ್ದ, ಸೋತಾಗಲೆಲ್ಲ ಇನ್ನೊಂದು ಪೊಟ್ಟಣ ಬೇಕೆನ್ನುತ್ತಿದ್ದ. ಕಡೆಗೊಂದು ದಿನ ಅವನ ತಂದೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಇನ್ನು ಸಾಕು" ಎಂದುಬಿಟ್ಟ. ಆ ರಾತ್ರಿ ಮಗು ಊಟ ಮಾಡಲಿಲ್ಲ. ದೋಷದಲ್ಲಿ ನನ್ನ ಪಾಲೂ ಇತ್ತು. ಆದ್ದರಿಂದ ಈ ಆಟವನ್ನು ನಾನೇ ಕಲಿಯಬೇಕೆಂದು ಹೊರಟೆ. ಹಾಗೆ ಕಲಿತದ್ದನ್ನು ನನ್ನಂತಹ ಇತರ ತಾತಂದಿರ, ಅಜ್ಜಿಯರ, ತಂದೆತಾಯಿಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಎಲೆ, ಹೊಸ ಎಲೆ

ಇಸ್ಪೀಟಿನ ಮಟ್ಟಿಗೆ ನಾವು ಬಡವರಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಹಲವು ಬಗೆಗಳನ್ನು ರೂಪಿಸಿದರು, ಅವುಗಳ ವಿವರ 'ಶ್ರೀತತ್ತ್ವನಿಧಿ'ಯಲ್ಲಿದೆ. ನಾವು ಬಂದು ನೆಲೆಸಿರುವ ಈ ಬಂಗಾಳದಲ್ಲಿ ಬಿಷ್ಣುಪುರದ ದಶಾವತಾರ ತಾಸ್ ಇದೆ. ಅದರ ಎಲೆಗಳು ದುಂಡಗಿನವು, ಹತ್ತು ಅವತಾರಗಳಿಗೆ ಹನ್ನೆರಡರಂತೆ ಒಟ್ಟು 120. ನಮ್ಮ ಎರಡು ನಾಡುಗಳ ನಡುವಣ ಈ ನಂಟಿನ ಬಗ್ಗೆ ಬೇರೆಯೇ ಲೇಖನ ಬರೆಯಬಹುದು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಗಂಜೀಫವಾಗಲಿ, ರಮ್ಮಿಯಾಗಲಿ, ಬಂಗಾಳದ ಮನೆಮನೆಯ 'ಟ್ವೆಂಟಿನೈನ್' ಆಗಲಿ, ಎಲ್ಲರೂ ಒಂದೇ ಕಟ್ಟಿನಿಂದ ಎಲೆ ಹಂಚಿಕೊಂಡು ಆಡುತ್ತಾರೆ. ಕೈಗೆ ಬಂದದ್ದು ದೈವ, ಆಡಿದ್ದು ಜಾಣತನ.

ಈ ಕ್ರಮವನ್ನು ಮುರಿದವರು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. 1993ರಲ್ಲಿ ಅವರು ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟ ಹೊರಬಂದಿತು. ಅದರಲ್ಲಿ ಸಾವಿರಾರು ಬಗೆಯ ಕಾರ್ಡುಗಳಿಂದ ಪ್ರತಿ ಆಟಗಾರನೂ ತನಗೆ ಬೇಕಾದವನ್ನು ಆಯ್ದು ತನ್ನದೇ ಕಟ್ಟನ್ನು ಮನೆಯಲ್ಲಿ ಸಿದ್ಧಪಡಿಸಿಕೊಂಡು ಬರುತ್ತಾನೆ. ಈ ಕಟ್ಟನ್ನೇ ಮಕ್ಕಳು 'ಡೆಕ್' ಎನ್ನುವುದು. ಪೋಕೆಮಾನ್ ಕಾರ್ಡುಗಳು ಅದೇ ಮಾದರಿಯಲ್ಲಿ 1996ರಲ್ಲಿ ಜಪಾನಿನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ ಬಂದವು. ಹೀಗೆ ಆಟದ ಅರ್ಧ ಭಾಗ ಎದುರಾಳಿಯನ್ನು ನೋಡುವ ಮೊದಲೇ, ಊಟದ ಮೇಜಿನ ಮೇಲೆ, ನಡೆದುಹೋಗಿರುತ್ತದೆ. ಮೊಮ್ಮಗ ಚದುರಂಗದ ಮುಂದೆ ನಿಂತು ಹೇಳಿದ್ದು ಇದನ್ನೇ.

ಅಗತ್ಯವಿರುವಷ್ಟು ನಿಯಮ

ನಿಯಮಗಳೆಲ್ಲವನ್ನೂ ಹೇಳಹೊರಟರೆ ಓದುಗರು ಎದ್ದುಹೋದಾರು. ಮುಂದಿನ ಮಾತಿಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ.

ಪೋಕೆಮಾನ್ ಕಟ್ಟಿನಲ್ಲಿ ಸರಿಯಾಗಿ 60 ಕಾರ್ಡುಗಳಿರಬೇಕು. ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಎನರ್ಜಿ ಎಂಬ ಮೂಲ ಇಂಧನದ ಕಾರ್ಡುಗಳಿಗೆ ಮಾತ್ರ ಈ ಮಿತಿಯಿಲ್ಲ. ಕಾರ್ಡುಗಳಲ್ಲಿ ಮೂರು ಜಾತಿ: ಹೋರಾಡುವ ಪೋಕೆಮಾನ್ ಪ್ರಾಣಿಗಳು, ಅವುಗಳಿಗೆ ಬಲ ಕೊಡುವ ಎನರ್ಜಿ, ಮತ್ತು ಎಲೆ ಸೆಳೆಯಲು, ಹುಡುಕಲು, ಪ್ರಾಣಿಗಳನ್ನು ಸ್ಥಳಾಂತರಿಸಲು ನೆರವಾಗುವ ಟ್ರೈನರ್ ಕಾರ್ಡುಗಳು. ಆರಂಭದಲ್ಲಿ ಕೈಗೆ ಏಳು ಕಾರ್ಡು. ಆರು ಕಾರ್ಡುಗಳನ್ನು 'ಬಹುಮಾನ'ವೆಂದು ಮುಖ ಕೆಳಗಾಗಿಸಿ ಪಕ್ಕಕ್ಕಿಡಬೇಕು. ಸರದಿಗೆ ಒಂದು ಕಾರ್ಡು ಸೆಳೆಯಬೇಕು, ಒಂದು ಎನರ್ಜಿ ಮಾತ್ರ ಲಗತ್ತಿಸಬಹುದು. ಹೊಡೆದರೆ ಸರದಿ ಮುಗಿಯಿತು. ಎದುರಾಳಿಯ ಪ್ರಾಣಿಯೊಂದನ್ನು ಉರುಳಿಸಿದಾಗ ನಮ್ಮ ಬಹುಮಾನದಿಂದ ಒಂದು ಕಾರ್ಡು ಎತ್ತಿಕೊಳ್ಳುತ್ತೇವೆ. 'ಎಕ್ಸ್' ಎಂಬ ಗುರುತಿನ ಬಲಿಷ್ಠ ಪ್ರಾಣಿ ಉರುಳಿದರೆ ಎರಡು.

ಗೆಲ್ಲುವ ದಾರಿ ಮೂರು. ಆರು ಬಹುಮಾನಗಳನ್ನೂ ಎತ್ತಿಕೊಳ್ಳುವುದು ಒಂದು. ಎದುರಾಳಿಯ ಬಳಿ ಕಣದಲ್ಲಿ ಒಂದೂ ಪ್ರಾಣಿ ಉಳಿಯದಂತೆ ಮಾಡುವುದು ಇನ್ನೊಂದು. ಮೂರನೆಯದನ್ನು ಮಕ್ಕಳು ಮರೆಯುತ್ತಾರೆ: ತನ್ನ ಸರದಿಯ ಆರಂಭದಲ್ಲಿ ಸೆಳೆಯಲು ಕಟ್ಟಿನಲ್ಲಿ ಕಾರ್ಡೇ ಇಲ್ಲದವನು ಸೋತಂತೆ. ರಕ್ಷಣಾತ್ಮಕ ತಂತ್ರವೆಲ್ಲ ಬಹುಮಟ್ಟಿಗೆ ಈ ಮೂರನೆಯ ನಿಯಮದ ಮೇಲೆ ನಿಂತಿದೆ.

ಜಾತ್ರೆಯಂತಿದ್ದ ಕಟ್ಟು

ಬೀರುವಿನ ಬೀಗ ತೆಗೆಸಿ, ಮಗನ ಅನುಮತಿ ಪಡೆದು, ಒಂದು ಭಾನುವಾರ ಮೊಮ್ಮಗನ ಕಟ್ಟನ್ನು ಚಾಪೆಯ ಮೇಲೆ ಹರಡಿದೆವು. ಅದೊಂದು ಜಾತ್ರೆ. ಹೊಳೆಯುವ ಕಾರ್ಡು ಯಾವುದಿದೆಯೋ ಅದೆಲ್ಲವೂ ಅಲ್ಲಿತ್ತು, ಹೆಚ್ಚಿನವು ಒಂದೊಂದೇ. ನಡುವೆ ಅರಸನಂತೆ ಒಂದು 'ಚಾರಿಜಾರ್ಡ್ ಎಕ್ಸ್'. 2023ರ ಒಂದು ಸಂಚಿಕೆಯಲ್ಲಿ ಬಂದ ಈ ಕಾರ್ಡಿಗೆ 330ರಷ್ಟು ಪ್ರಾಣಬಲ, ಹೊಡೆತ 180. ಎದುರಾಳಿ ಎತ್ತಿಕೊಂಡ ಪ್ರತಿ ಬಹುಮಾನಕ್ಕೂ ಹೊಡೆತ 30ರಂತೆ ಏರುತ್ತದೆ. ಇಂತಹ ಕಾರ್ಡಿದ್ದೂ ಸೋಲುವುದೆಂದರೇನು ಎಂದು ಹುಡುಗನಿಗೆ ಆಶ್ಚರ್ಯ, ಅಪಮಾನ.

ಕಾರಣ ಸರಳ ಲೆಕ್ಕದಲ್ಲಿದೆ. ಚಾರಿಜಾರ್ಡ್ ನೇರವಾಗಿ ಕಣಕ್ಕಿಳಿಯುವ ಪ್ರಾಣಿಯಲ್ಲ. ಮೊದಲು ಚಾರ್ಮ್ಯಾಂಡರ್ ಎಂಬ ಮರಿ ಬರಬೇಕು, ಅದು ಚಾರ್ಮೀಲಿಯನ್ ಆಗಬೇಕು, ಬಳಿಕ ಚಾರಿಜಾರ್ಡ್. ನಡುವಣ ಮೆಟ್ಟಿಲನ್ನು ಹಾರಿಸುವ 'ರೇರ್ ಕ್ಯಾಂಡಿ' ಎಂಬ ಟ್ರೈನರ್ ಕಾರ್ಡೊಂದಿದೆ. ಅದು ನಮ್ಮ ಹುಡುಗನ ಬಳಿ ಇರಲಿಲ್ಲ. ಇದ್ದ ಎರಡನ್ನೂ ಅವನು ಹೊಳೆಯುವ ಇನ್ನೊಂದು ಕಾರ್ಡಿಗಾಗಿ ಹಿರಿಯ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟಿದ್ದ! 60ರ ಕಟ್ಟಿನಲ್ಲಿ ಒಂದೇ ಇರುವ ಕಾರ್ಡು ಮೊದಲ ಏಳರಲ್ಲಿ ಕೈಗೆ ಬರುವ ಸಂಭವ 60ಕ್ಕೆ 7, ಅಂದರೆ ಶೇಕಡಾ 12ಕ್ಕಿಂತ ಕಡಿಮೆ. ಅದು ಬಹುಮಾನದ ಆರರಲ್ಲಿ ಹೂತುಹೋಗುವ ಸಂಭವ ಶೇಕಡಾ 10. ಎಂದರೆ ಹತ್ತು ಆಟಗಳಲ್ಲಿ ಸುಮಾರು ಒಂದರಲ್ಲಿ ಅರಸನು ಆರಂಭದಲ್ಲೇ ಸೆರೆಯಲ್ಲಿರುತ್ತಾನೆ. ಎರಡೇ ಇದ್ದ ಚಾರ್ಮ್ಯಾಂಡರ್‌ಗಳಲ್ಲಿ ಒಂದಾದರೂ ಮೊದಲ ಕೈಯಲ್ಲಿ ಬರುವ ಸಂಭವ ಶೇಕಡಾ 22. ನಾಲ್ಕು ಇಟ್ಟಿದ್ದರೆ ಅದು ಶೇಕಡಾ 40ಕ್ಕೆ ಏರುತ್ತಿತ್ತು. ಮಕ್ಕಳ ಗಣಿತದ ಪುಸ್ತಕದಲ್ಲಿ ಚೀಲದಿಂದ ಕೆಂಪು ಚೆಂಡು ತೆಗೆಯುವ ಲೆಕ್ಕ ಬರುತ್ತದಲ್ಲ, ಇದು ಅದೇ. ಹುಡುಗ ಆ ಪಾಠದಲ್ಲಿ ಆಕಳಿಸಿದವನು. ಇಲ್ಲಿ ಪೆನ್ಸಿಲ್ ಹಿಡಿದು ಕುಳಿತ.

ಸಂಗ್ರಹ ಬೇರೆ, ಕಟ್ಟು ಬೇರೆ ಎಂಬುದು ಆ ದಿನ ನಮಗಿಬ್ಬರಿಗೂ ತಿಳಿಯಿತು. ಸಂಗ್ರಹಕ್ಕೆ ಒಂದೊಂದು ಬಗೆಯೂ ಒಂದೊಂದು ಇದ್ದರೆ ಶೋಭೆ. ಕಟ್ಟಿಗೆ ಒಂದೇ ಕೆಲಸ ಮಾಡುವ ಸಾಮಾನ್ಯ ಕಾರ್ಡುಗಳು ನಾಲ್ಕು ನಾಲ್ಕು ಬೇಕು, ಮತ್ತು ಇಂತಹ ಸಾಮಾನ್ಯ ಕಾರ್ಡುಗಳೇ ಅಗ್ಗ.

ಪೊಟ್ಟಣಗಳ ಬಗ್ಗೆ ಇಲ್ಲಿಯೇ ಒಂದು ಮಾತು. ಪಾದಚಾರಿ ಮಾರ್ಗದಲ್ಲಿ ಮಾರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡುಗಳು ನಕಲಿ. ಸಂಘಟಿತ ಪಂದ್ಯಗಳಲ್ಲಿ ಅವಕ್ಕೆ ಪ್ರವೇಶವಿಲ್ಲ. ಅವುಗಳ ಮೇಲೆ ಎಂತಹ ಭಯಂಕರ ಅಂಕಿಯಿದ್ದರೂ ಅದು ಆಟದ ಅಂಕಿಯಲ್ಲ. ನಾನೂ ಒಮ್ಮೆ ತಂದುಕೊಟ್ಟು ಮೊಮ್ಮಗನ ಕನಿಕರಕ್ಕೆ ಪಾತ್ರನಾಗಿದ್ದೇನೆ.

ಬೇಗ ಮುಗಿಸುವವರು

ಹಾಗಾದರೆ ಕಟ್ಟನ್ನು ಹೇಗೆ ಕಟ್ಟಬೇಕು? ಇದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಕಾರ್ಡು ಬಲಿಷ್ಠ" ಎಂಬುದಲ್ಲ, "ಆಟ ಯಾವಾಗ ಮುಗಿಯಬೇಕು" ಎಂಬುದು. ಆಕ್ರಮಣಕಾರಿ ಕಟ್ಟು ಬೇಗ ಮುಗಿಯಲಿ ಎನ್ನುತ್ತದೆ, ರಕ್ಷಣಾತ್ಮಕ ಕಟ್ಟು ತಡವಾಗಲಿ ಎನ್ನುತ್ತದೆ. ಉಳಿದ ಐವತ್ತು ನಿರ್ಧಾರಗಳು ಇದರ ಹಿಂದೆ ತಾವಾಗಿ ಬರುತ್ತವೆ.

ಮ್ಯಾಜಿಕ್ ಆಟದಲ್ಲಿ ಇದು ಸ್ಪಷ್ಟವಾಗಿ ಕಂಡದ್ದು 1996ರಲ್ಲಿ. ಪಾಲ್ ಸ್ಲೈ ಎಂಬ ಆಟಗಾರ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯಕ್ಕೆ, ನೋಡಿದವರು ನಗುವಂತಹ ಕಟ್ಟೊಂದನ್ನು ತಂದರು. ಅದನ್ನು ಯೋಜಿಸಿದವರು ಜೇ ಷ್ನೈಡರ್. ಅದರಲ್ಲಿ ಇದ್ದವೆಲ್ಲ ಕಡಿಮೆ ಬೆಲೆಗೆ ಕಣಕ್ಕಿಳಿಯುವ ಸಣ್ಣಪುಟ್ಟ ಪ್ರಾಣಿಗಳು, ಯಾರೂ ಬೇಡವೆನ್ನುವಂಥವು. ಆದರೆ ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು ಎಂಬಂತೆ ಯಾವ ಸರದಿಯ ಇಂಧನವೂ ವ್ಯರ್ಥವಾಗದ ಹಾಗೆ ಕಾರ್ಡುಗಳ ಸಂಖ್ಯೆಯನ್ನು ಅಳೆದು ಇಟ್ಟಿದ್ದರು. ಸ್ಲೈ ಎರಡನೆಯ ಸ್ಥಾನ ಪಡೆದರು. ಆ ಬಗೆಯ ಕಟ್ಟಿಗೆ ಅವರ ಹೆಸರೇ ನಿಂತಿತು. ಎದುರಾಳಿ ತನ್ನ ದೊಡ್ಡ ಪ್ರಾಣಿಯನ್ನು ಇಳಿಸಲು ಐದು ಸರದಿ ಕಾಯುತ್ತಿರುವಾಗ ಇವರು ಐದು ಸರದಿಯೂ ಹೊಡೆದಿರುತ್ತಿದ್ದರು.

ಪೋಕೆಮಾನ್‌ನಲ್ಲಿ ಇದಕ್ಕೆ ಸಮನಾದದ್ದು 1999ರ 'ಹೇಮೇಕರ್' ಎಂಬ ಕಟ್ಟು. ಹಿಟ್‌ಮಾನ್‌ಚಾನ್, ಎಲೆಕ್ಟಬಜ್, ಸೈಥರ್ ಎಂಬ ಮೂರು ಪ್ರಾಣಿಗಳು ಅದರ ಬೆನ್ನೆಲುಬು. ಮೂರಕ್ಕೂ 70 ಪ್ರಾಣಬಲ, ಮೂರೂ ವಿಕಾಸದ ಗೋಜಿಲ್ಲದೆ ನೇರವಾಗಿ ಇಳಿಯುವಂಥವು. ಹಿಟ್‌ಮಾನ್‌ಚಾನ್ ಒಂದೇ ಎನರ್ಜಿಗೆ 20ರ ಪೆಟ್ಟು ಕೊಡುತ್ತದೆ. ಅಂದಿನ ಚಾರಿಜಾರ್ಡಿನೊಡನೆ ಇದನ್ನು ತೂಗಿ ನೋಡಿ. ಅದರ ಹೊಡೆತ 100, ಆದರೆ ಅದಕ್ಕೆ ನಾಲ್ಕು ಎನರ್ಜಿ ಬೇಕು. ಸರದಿಗೆ ಒಂದೇ ಎನರ್ಜಿಯಾದ್ದರಿಂದ ಅದು ಕೈ ಎತ್ತುವುದು ಬೇಗವೆಂದರೆ ನಾಲ್ಕನೆಯ ಸರದಿಗೆ. ಅದರ ಮರಿಯಾದ ಚಾರ್ಮ್ಯಾಂಡರ್‌ಗೆ ಆಗ ಇದ್ದದ್ದು 50 ಪ್ರಾಣಬಲ. 20ರ ಎರಡು ಪೆಟ್ಟು, ಜೊತೆಗೆ 10 ಕೂಡಿಸುವ 'ಪ್ಲಸ್‌ಪವರ್' ಕಾರ್ಡೊಂದು: ಎರಡನೆಯ ಸರದಿಗೇ ಮರಿ ಸತ್ತಿತು. ಹುಲಿಯಾಗುವ ಮೊದಲೇ ಹುಲಿಮರಿಯನ್ನು ಮುಗಿಸುವುದೇ ಆಕ್ರಮಣದ ತಿರುಳು.

ಇಂತಹ ಕಟ್ಟಿಗೆ ಎಲೆಯ ಹಸಿವು ಹೆಚ್ಚು. ಕೈಯಲ್ಲಿರುವುದನ್ನೆಲ್ಲ ಪ್ರತಿ ಸರದಿ ಖರ್ಚು ಮಾಡಿಬಿಡುವುದರಿಂದ ಹೊಸದನ್ನು ಸೆಳೆಯುತ್ತಲೇ ಇರಬೇಕು. ಹೇಮೇಕರ್‌ನಲ್ಲಿ 'ಪ್ರೊಫೆಸರ್ ಓಕ್' ಎಂಬ ಕಾರ್ಡು ಇರುತ್ತಿತ್ತು. ಕೈಯಲ್ಲಿದ್ದುದನ್ನೆಲ್ಲ ಎಸೆದು ಏಳು ಹೊಸ ಕಾರ್ಡು ಸೆಳೆಯುವುದು ಅದರ ಕೆಲಸ. ಉಳಿತಾಯದ ಮನೆಯಲ್ಲಿ ಬೆಳೆದ ನನಗೆ ಒಳ್ಳೆಯ ಕಾರ್ಡುಗಳನ್ನು ಹೀಗೆ ಎಸೆಯುವುದನ್ನು ನೋಡಿದರೆ ಈಗಲೂ ಕರುಳು ಚುರುಕ್ಕೆನ್ನುತ್ತದೆ. ಆದರೆ ಆಕ್ರಮಣಕಾರನಿಗೆ ಕಾರ್ಡು ಕೂಡಿಡುವ ಸೊತ್ತಲ್ಲ. ಕಾರ್ಡು ಕೊಟ್ಟು ಅವನು ಕಾಲವನ್ನು ಕೊಳ್ಳುತ್ತಾನೆ.

ಕಾಯುವವರು

ರಕ್ಷಣೆಯವರು ಇದಕ್ಕೆ ತಿರುಗು: ಕಾಲ ಕೊಟ್ಟು ಕಾರ್ಡು ಕೊಳ್ಳುವವರು. 1990ರ ದಶಕದ ನಡುವಿನಲ್ಲಿ ಬ್ರಯಾನ್ ವೈಸ್‌ಮನ್ ಎಂಬ ಮ್ಯಾಜಿಕ್ ಆಟಗಾರ ರೂಪಿಸಿದ ಕಟ್ಟು ಇದರ ಆದಿಗ್ರಂಥವಿದ್ದಂತೆ. ಗೆಲುವು ತರುವ ಪ್ರಾಣಿಗಳು ಅದರಲ್ಲಿ ಬೆರಳೆಣಿಕೆಯಷ್ಟೇ. ಉಳಿದುದೆಲ್ಲ ಎದುರಾಳಿಯ ಕಾರ್ಡುಗಳನ್ನು ಒಂದೊಂದಾಗಿ ನಿಷ್ಫಲಗೊಳಿಸುವ ಉಪಾಯ. ಎದುರಾಳಿಯ ಕೈ ಬರಿದಾಗಿ, ತನ್ನ ಕೈ ತುಂಬಿದ ಮೇಲೆ, ಗೆಲ್ಲುವುದು ಯಾವಾಗಲಾದರೂ ಆದೀತು ಎಂಬ ನಿಶ್ಚಿಂತೆ ಅದರದು.

ಆದರೆ ನನಗೆ ತುಂಬ ಹಿಡಿಸಿದ್ದು ಪೋಕೆಮಾನ್‌ನ ಮೊದಲ ವರ್ಷದ 'ಡ್ಯಾಮೇಜ್ ಸ್ವಾಪ್' ಕಟ್ಟು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಅವಿಭಕ್ತ ಕುಟುಂಬದ ಛಾಯೆಯಿದೆ. ಅಲಕಜಾಮ್ ಎಂಬ ಪ್ರಾಣಿಗೆ ಒಂದು ಶಕ್ತಿ: ತನ್ನ ಪಕ್ಷದ ಒಂದು ಪ್ರಾಣಿಗೆ ಬಿದ್ದ ಪೆಟ್ಟನ್ನು ಇನ್ನೊಂದಕ್ಕೆ, ಅದು ಸಾಯದ ಹಾಗೆ, ಎಷ್ಟು ಸಲ ಬೇಕಾದರೂ ವರ್ಗಾಯಿಸಬಹುದು. ಹಿಂದೆ ಬೆಂಚಿನಲ್ಲಿ ಚಾನ್ಸಿ ಎಂಬ ದಢೂತಿ ಪ್ರಾಣಿಗಳು ನಾಲ್ಕು ಕುಳಿತಿರುತ್ತವೆ. ಒಂದೊಂದಕ್ಕೂ 120 ಪ್ರಾಣಬಲ. 10ರಷ್ಟು ಜೀವ ಉಳಿಸಿಕೊಂಡರೂ ಒಂದೊಂದು 110 ಹೊರಬಲ್ಲದು, ನಾಲ್ಕೂ ಸೇರಿ 440. ಮುಂದೆ ಕಾವಲಿಗೆ ನಿಲ್ಲುವುದು 'ಮಿಸ್ಟರ್ ಮೈಮ್' ಎಂಬ ಮೂಕಾಭಿನಯದವನು. 30 ಅಥವಾ ಅದಕ್ಕಿಂತ ದೊಡ್ಡ ಪೆಟ್ಟು ಅವನಿಗೆ ತಾಗುವುದೇ ಇಲ್ಲ. ಹಿಟ್‌ಮಾನ್‌ಚಾನ್‌ನ 20ರ ಪೆಟ್ಟು ಮಾತ್ರ ಆ ಗೋಡೆಯ ಕೆಳಗೆ ತೂರುತ್ತದೆ. ಹಾಗೆ ತೂರಿದ್ದನ್ನು ಅಲಕಜಾಮ್ ಚಾನ್ಸಿಗಳ ಮೇಲೆ ಹಂಚುತ್ತದೆ. 440ನ್ನು 20ರಂತೆ ತುಂಬಲು 22 ಪೆಟ್ಟುಗಳು ಬೇಕು. ಅಷ್ಟರೊಳಗೆ 'ಪೋಕೆಮಾನ್ ಸೆಂಟರ್' ಎಂಬ ಆಸ್ಪತ್ರೆಯ ಕಾರ್ಡು ಬಂದು ಎಲ್ಲರ ಗಾಯವನ್ನೂ ಅಳಿಸುತ್ತದೆ. ಆ ಆಸ್ಪತ್ರೆಯ ಶುಲ್ಕವೆಂದರೆ, ಗುಣವಾದ ಪ್ರಾಣಿಗಳ ಮೇಲಿನ ಎನರ್ಜಿಯನ್ನೆಲ್ಲ ತ್ಯಜಿಸಬೇಕು. ಬೆಂಚಿನ ಚಾನ್ಸಿಗಳ ಮೇಲೆ ಎನರ್ಜಿಯೇ ಇಲ್ಲದ್ದರಿಂದ ಶುಲ್ಕ ಸೊನ್ನೆ!

ಈ ಕಟ್ಟು ಹೊಡೆಯುವುದೇ ಅಪರೂಪ. ಮತ್ತೆ ಗೆಲ್ಲುವುದು ಹೇಗೆ? ಮೂರನೆಯ ನಿಯಮದಿಂದ. 60ರಲ್ಲಿ ಕೈಗೆ 7, ಬಹುಮಾನಕ್ಕೆ 6 ಹೋದರೆ ಕಟ್ಟಿನಲ್ಲಿ ಉಳಿಯುವುದು 47. ಪ್ರೊಫೆಸರ್ ಓಕ್ ಒಂದು ಸಲ ಬಂದರೆ ಏಳು ಹೋಯಿತು. ಆಕ್ರಮಣಕಾರನು ಹಸಿವಿನಿಂದ ಸೆಳೆದದ್ದೆಲ್ಲವೂ ಅವನ ಆಯುಷ್ಯದಿಂದ ಕಳೆದದ್ದು. ಅವನ ವೇಗವೇ ಅವನನ್ನು ಬರಿಗೈ ಮಾಡುತ್ತದೆ, ಕಾಯುವವನು ಕಾಯುತ್ತ ಕುಳಿತರೆ ಸಾಕು.

ಇದೇ ಉಪಾಯದ ಹೊಸ ರೂಪವನ್ನು 2023, 2024ರ ಪಂದ್ಯಗಳಲ್ಲಿ ಸ್ನಾರ್ಲ್ಯಾಕ್ಸ್ ಎಂಬ ನಿದ್ರಾಳು ಪ್ರಾಣಿಯ ಕಟ್ಟು ತೋರಿಸಿತು. ಅದು ಮುಂದೆ ನಿಂತಿರುವವರೆಗೆ ಎದುರಾಳಿಯ ಮುಂಚೂಣಿಯ ಪ್ರಾಣಿ ಹಿಂದೆ ಸರಿಯುವಂತಿಲ್ಲ. ಹೊಡೆಯಲಾರದ ಯಾವುದಾದರೂ ಪ್ರಾಣಿಯನ್ನು ಮುಂದಕ್ಕೆ ಎಳೆದು ಅಲ್ಲೇ ಕಟ್ಟಿಹಾಕಿ, ಎದುರಾಳಿಯ ಕಟ್ಟು ಬರಿದಾಗುವುದನ್ನು ನೋಡುತ್ತಿರುವುದು ಅದರ ಕ್ರಮ. ಇಂತಹ ಆಟದ ಬಗ್ಗೆ ಮಕ್ಕಳಿಗೆ ಕೋಪ. "ಇದು ಆಟಾನೇ ಅಲ್ಲ ತಾತ" ಎನ್ನುತ್ತಾನೆ ನಮ್ಮವನು. ನನ್ನ ಅಭಿಪ್ರಾಯ ಬೇರೆ. ನಿಯಮದೊಳಗೆ ಇರುವುದೆಲ್ಲ ಆಟವೇ. ಒಂದು ದಿನವೆಲ್ಲ ಕ್ರೀಸಿನಲ್ಲಿ ನಿಂತು ಪಂದ್ಯ ಉಳಿಸಿದ ಬ್ಯಾಟ್ಸ್‌ಮನ್ನರನ್ನು ರೇಡಿಯೋ ಪಕ್ಕದಲ್ಲಿ ಕುಳಿತು ಹೊಗಳಿದ ತಲೆಮಾರಿನವನು ನಾನು.

ಆದರೆ ಕಾಯುವವರಿಗೂ ಕಂಟಕಗಳಿವೆ. ಅಲಕಜಾಮ್ ಹುಟ್ಟುವುದು ಅಬ್ರಾ ಎಂಬ ಮರಿಯಿಂದ. ಅದರ ಪ್ರಾಣಬಲ ಬರೀ 30. ಬೆಂಚಿನಲ್ಲಿ ಅಡಗಿರುವ ಪ್ರಾಣಿಯನ್ನು ಮುಂದಕ್ಕೆಳೆಯುವ 'ಗಸ್ಟ್ ಆಫ್ ವಿಂಡ್' ಕಾರ್ಡು, ಹಿಟ್‌ಮಾನ್‌ಚಾನ್‌ನ 20, ಪ್ಲಸ್‌ಪವರ್‌ನ 10 ಸೇರಿದರೆ ಅಬ್ರಾ ಒಂದೇ ಪೆಟ್ಟಿಗೆ ಹೋಯಿತು. ಅಲ್ಲದೆ ಸಂಘಟಿತ ಪಂದ್ಯಗಳಲ್ಲಿ ಗಡಿಯಾರವಿದೆ. ಮೂರು ಆಟಗಳ ಒಂದು ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ. ನಿಧಾನವಾಗಿ ಗೆಲ್ಲುವವನು ಮೊದಲ ಆಟ ಸೋತರೆ ಉಳಿದ ಎರಡನ್ನು ಗೆಲ್ಲಲು ಹೊತ್ತು ಸಾಲದು.

ಪಾತ್ರ ಅರಿಯದವನ ಪಾಡು

ಇಲ್ಲಿಯವರೆಗಿನದು ಕಟ್ಟುವ ಮಾತಾಯಿತು. ಆಡುವಾಗ ಇನ್ನೊಂದು ತೊಡಕು ಎದುರಾಗುತ್ತದೆ, ನಮ್ಮ ಹುಡುಗ ನಿಜವಾಗಿ ಎಡವಿದ್ದು ಅಲ್ಲಿ. ಆಕ್ರಮಣಕಾರಿ ಕಟ್ಟು ತಂದವನು ಎಲ್ಲ ಆಟಗಳಲ್ಲೂ ಆಕ್ರಮಣಕಾರನಲ್ಲ. 1999ರಲ್ಲಿ ಮೈಕ್ ಫ್ಲೋರೆಸ್ ಎಂಬ ಅಮೆರಿಕದ ಆಟಗಾರ ಮ್ಯಾಜಿಕ್ ಕುರಿತು ಬರೆದ ಪ್ರಬಂಧವೊಂದರಲ್ಲಿ ಇದನ್ನು ವಾದಿಸಿದರು, ಇಂದಿಗೂ ಆಟಗಾರರು ಅದನ್ನು ಓದುತ್ತಾರೆ. ಅವರ ವಾದದ ಸಾರ ಹೀಗೆ: ಎರಡು ಕಟ್ಟುಗಳು ಎದುರಾದಾಗ, ಅವೆರಡೂ ಒಂದೇ ಬಗೆಯವಾಗಿದ್ದರೂ, ಒಬ್ಬನು ಬೇಗ ಮುಗಿಸಬೇಕಾದವನು, ಇನ್ನೊಬ್ಬನು ತಡೆದು ನಿಲ್ಲಬೇಕಾದವನು ಆಗಿಯೇ ಆಗುತ್ತಾನೆ. ಆಟ ಉದ್ದವಾದರೆ ಯಾರಿಗೆ ಲಾಭ ಎಂದು ಕೇಳಿಕೊಂಡರೆ ತನ್ನ ಪಾತ್ರ ತಿಳಿಯುತ್ತದೆ. ಪಾತ್ರವನ್ನು ತಪ್ಪಾಗಿ ಅರಿತವನು ಒಳ್ಳೆಯ ಕಾರ್ಡಿದ್ದೂ ಸೋಲುತ್ತಾನೆ.

ಇಬ್ಬರೂ ಹೇಮೇಕರ್ ತಂದಿದ್ದಾರೆಂದುಕೊಳ್ಳಿ. ಒಬ್ಬನಿಗೆ ಮೊದಲ ಕೈಯಲ್ಲೇ ಹಿಟ್‌ಮಾನ್‌ಚಾನ್ ಮತ್ತು ಎನರ್ಜಿ ಬಂದಿದೆ, ಇನ್ನೊಬ್ಬನಿಗೆ ಒಂದು ಪ್ರಾಣಿ, ಎನರ್ಜಿಯಿಲ್ಲ. ಈ ಎರಡನೆಯವನು ಹಟಕ್ಕೆ ಬಿದ್ದು ಪೆಟ್ಟಿಗೆ ಪೆಟ್ಟು ಎನ್ನತೊಡಗಿದರೆ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಇರುತ್ತಾನೆ. ಅವನು ಆ ಆಟದ ಮಟ್ಟಿಗೆ ರಕ್ಷಕ. ಎದುರಾಳಿಯ ಎನರ್ಜಿ ಕಿತ್ತು, ಪ್ರಾಣಿಗಳನ್ನು ಉಳಿಸಿಕೊಂಡು, ಎಲೆ ತುಂಬಿಕೊಂಡ ಬಳಿಕ ತಿರುಗಿ ಬೀಳಬೇಕು.

ಬ್ರಿಜ್ ಆಡುವ ಓದುಗರಿಗೆ ಇದು ಹೊಸದೆನಿಸದು. ಹರಾಜು ಮುಗಿದ ಕ್ಷಣದಲ್ಲಿ ಅಲ್ಲಿ ಪಾತ್ರ ನಿಗದಿಯಾಗುತ್ತದೆ, ಒಂದು ಜೋಡಿ ಸಾಧಿಸಬೇಕು, ಇನ್ನೊಂದು ಕೆಡಿಸಬೇಕು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಜೋಡಿಯ ಚಿನ್ನ ಗೆದ್ದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಇಬ್ಬರೂ ನಮ್ಮ ಈ ಬಂಗಾಳದವರೇ. ಟ್ವೆಂಟಿನೈನ್‌ನಲ್ಲಿಯೂ ಹಾಗೆ. ಕೂಗಿದ ಪಕ್ಷ ಒಂದು, ಮುರಿಯುವ ಪಕ್ಷ ಇನ್ನೊಂದು. ಕಾರ್ಡು ಸಂಗ್ರಹದ ಆಟದಲ್ಲಿ ಮಾತ್ರ ಹರಾಜು ಕೂಗುವವರಿಲ್ಲ. ನಿನ್ನ ಪಾತ್ರ ಇಂಥದ್ದೆಂದು ಯಾರೂ ಹೇಳುವುದಿಲ್ಲ, ಎರಡನೆಯ ಸರದಿಯ ಹೊತ್ತಿಗೆ ತಾನೇ ಊಹಿಸಬೇಕು, ಏಳನೆಯ ಸರದಿಗೆ ಮತ್ತೆ ಊಹಿಸಬೇಕು.

ಮೊಮ್ಮಗನ ಕಟ್ಟು ರಾಜನನ್ನು ಕಾಯುವ ಕಟ್ಟು, ಅಂದರೆ ನಿಧಾನದ ಕಟ್ಟು. ಆದರೆ ಅವನು ಮೊದಲ ಸರದಿಯಿಂದಲೇ ಕೈಗೆ ಸಿಕ್ಕ ಮರಿಗಳಿಂದ ಹೊಡೆಯುತ್ತಿದ್ದ. ಚಾರ್ಮ್ಯಾಂಡರ್ ಬಂದರೆ ಅದನ್ನೂ ಮುಂದೆ ನಿಲ್ಲಿಸಿ ಹೊಡೆಸುತ್ತಿದ್ದ! "ಹೊಡೀದೆ ಇದ್ರೆ ಹೆದರಿದ ಹಾಗೆ" ಎಂಬುದು ಅವನ ವಾದ. ಕಾಯಬೇಕಾದವನು ನುಗ್ಗಿದ, ಅದಕ್ಕೇ ಸೋತ.

ಚಾಪೆಯ ಮೇಲೆ

ಹೊಸದಾಗಿ ಒಂದು ಪೊಟ್ಟಣವನ್ನೂ ಕೊಳ್ಳಬಾರದು ಎಂಬುದು ಮಗನ ಷರತ್ತು. ಅದು ನ್ಯಾಯವಾದದ್ದೇ. ನಾವು ಇದ್ದುದರಲ್ಲಿಯೇ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದೆವು. ನೇರವಾಗಿ ಇಳಿಯುವ, ಒಂದೆರಡು ಎನರ್ಜಿಗೆ ಹೊಡೆಯುವ ಪ್ರಾಣಿಗಳನ್ನು ಹನ್ನೆರಡಕ್ಕೆ ಏರಿಸಿದೆವು. 12 ಇದ್ದರೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವ ಶೇಕಡಾ 81, ಎಂಟೇ ಇದ್ದರೆ 65. ಬಾರದಿದ್ದರೆ ಕೈಯನ್ನು ತೋರಿಸಿ ಹೊಸದಾಗಿ ಸೆಳೆಯಬೇಕು, ಎದುರಾಳಿಗೆ ಹೆಚ್ಚುವರಿ ಕಾರ್ಡೊಂದರ ಲಾಭ. ಎಲೆ ಸೆಳೆಯುವ ಟ್ರೈನರ್ ಕಾರ್ಡುಗಳನ್ನು ಗೆಳೆಯರಿಂದ ವಿನಿಮಯದಲ್ಲಿ ಪಡೆದ. ಅದಕ್ಕಾಗಿ ಹೊಳೆಯುವ ಮೂರು ಕಾರ್ಡು ಕೊಡಬೇಕಾಯಿತು. ಕೊಡುವಾಗ ಎರಡು ದಿನ ಯೋಚಿಸಿದ. ಬೇರೆಯವರು ಕೊಳ್ಳುವುದಾದರೆ, 60 ಕಾರ್ಡುಗಳೂ ಸಿದ್ಧವಾಗಿ ಬರುವ ಕಟ್ಟುಗಳಿವೆ. 2024ರಲ್ಲಿ ಚಾರಿಜಾರ್ಡ್ ಎಕ್ಸ್‌ನದೇ ಅಂಥದೊಂದು ಬಂದಿತ್ತು. ಅದೃಷ್ಟದ ಪೊಟ್ಟಣಗಳಿಗೆ ಸುರಿಯುವುದಕ್ಕಿಂತ ಅದು ಲೇಸು.

ಚಾರಿಜಾರ್ಡನ್ನು ತೆಗೆಯುವ ವಿಚಾರ ಬಂದಾಗ ಮಾತ್ರ ಸಭೆ ಬರಖಾಸ್ತಾಯಿತು. ಅತ್ತು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಒತ್ತಾಯಿಸಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ತಾನೇ ಬಂದು, "ತಾತ, ಅದು ಪುಸ್ತಕದಲ್ಲೇ ಇರಲಿ. ಮೊದಲ ಪುಟದಲ್ಲಿ" ಎಂದ.

ಮುಂದಿನ ಶನಿವಾರ ಪಕ್ಕದ ಗಲ್ಲಿಯ ಬಂಗಾಳಿ ಹುಡುಗ ನಮ್ಮ ಮನೆಗೇ ಬಂದ. ಅವನದು ದೊಡ್ಡ ಪ್ರಾಣಿಗಳ ನಿಧಾನದ ಕಟ್ಟು. ಮೊದಲ ಆಟ ನಮ್ಮವನು ಸೋತ, ಎರಡನೆಯದನ್ನು ಆರನೆಯ ಸರದಿಯೊಳಗೆ ಗೆದ್ದ. ಮೂರನೆಯದರಲ್ಲಿ ನಾಲ್ಕು ಬಹುಮಾನ ಎತ್ತಿಕೊಂಡ ಮೇಲೆ ಎದುರಿನ ದೊಡ್ಡ ಪ್ರಾಣಿ ಎದ್ದು ನಿಂತಿತು. ನಮ್ಮವನು ಹೊಡೆಯುವುದನ್ನು ನಿಲ್ಲಿಸಿ, ಗಾಯಗೊಂಡದ್ದನ್ನು ಹಿಂದಕ್ಕೆಳೆದು, ಬೆಂಚಿನಲ್ಲಿದ್ದ ಸಣ್ಣ ಮರಿಯೊಂದಕ್ಕಾಗಿ ಕಾದ. ಕಾಯುವಾಗ ಕಾಲು ಅಲುಗಾಡಿಸುತ್ತಿದ್ದುದನ್ನು ನಾನು ಗಮನಿಸಿದೆ. ಎರಡು ಸರದಿ ತಡವಾಯಿತು. ಒಂದೇ ಬಹುಮಾನದ ಅಂತರದಲ್ಲಿ ಸೋತ.

ಅಳಲಿಲ್ಲ, ಪೊಟ್ಟಣವನ್ನೂ ಕೇಳಲಿಲ್ಲ. ಅವನ ತಂದೆ ಬಾಗಿಲ ಬಳಿ ನಿಂತು ಮೂರನೆಯ ಆಟವನ್ನು ಪೂರ್ತಿ ನೋಡಿದ್ದ. "ನಾಲ್ಕನೇ ಸರದೀಲಿ ಆ ಎನರ್ಜಿ ಯಾಕೆ ಅಲ್ಲಿ ಹಾಕ್ದೆ?" ಎಂದು ಕೇಳಿದ. ಇಬ್ಬರೂ ಚಾಪೆಯ ಮೇಲೆ ಕುಳಿತು ಕಾರ್ಡುಗಳನ್ನು ಮತ್ತೆ ನಾಲ್ಕನೆಯ ಸರದಿಯ ಸ್ಥಿತಿಗೆ ಜೋಡಿಸತೊಡಗಿದರು. 59 ಕಾರ್ಡುಗಳ ಬಗ್ಗೆ ಒಮ್ಮತ ಬಂದಿದೆ. ಅರವತ್ತನೆಯದು ಎಲೆ ಸೆಳೆಯುವ ಕಾರ್ಡಾಗಬೇಕೋ, ಇನ್ನೊಂದು ಎನರ್ಜಿಯಾಗಬೇಕೋ ಎಂಬ ವಾದ ಇದನ್ನು ಬರೆಯುವ ಹೊತ್ತಿಗೂ ನಡುಮನೆಯಲ್ಲಿ ನಡೆದೇ ಇದೆ.